ಲೇಲೆಯವರ ಕೊನೆಯ ಪುಟ

"ಲೇಲೆ ಕಾಕಾ ಮನೇಗೆ ಕುಕ್ಕರ್ ಬರ್ಬೇಕಾದ್ರೂ ನಾಲ್ಕು ಪುಟದ ಫೈಲ್ ಆಗ್ಬೇಕು, ಅಷ್ಟರಲ್ಲಿ ಕಾಕೂಗೆ ಹಸಿವೇ ಸತ್ತಿರುತ್ತೆ" ಎಂದು ಸದಾಶಿವ ಪೇಠದ ಆ ಹಳೇ ವಾಡೆಯ ವಠಾರದವರು ನಗುತ್ತಿದ್ದರು. ತಾವು ಕೆಲಸಕ್ಕಿದ್ದ ಪಂಪಿನ ಕಾರ್ಖಾನೆಗೆ ಹೊಸ ಯಂತ್ರ ಬೇಕೋ, ಕಂಪ್ಯೂಟರ್ ಬೇಕೋ, ಮಾಲೀಕರ ಮುಂದಿಡುವ ಪ್ರಸ್ತಾವ ಬರೆಯುವವರು ಮುಕುಂದ ಲೇಲೆಯವರೇ. ಮೊದಲು ಈಗಿನ ತೊಂದರೆ, ಆಮೇಲೆ ಮೂರು ದಾರಿ, ಒಂದೊಂದಕ್ಕೂ ಖರ್ಚು, ಲಾಭ, ಅಪಾಯ. ಮೊದಲನೆಯ ದಾರಿ ಯಾವತ್ತೂ 'ಏನೂ ಮಾಡದೆ ಇರುವುದು'. ಅವಲಕ್ಕಿ ಪೋಹೆಗೆ ನಿಂಬೆ ಹಿಂಡಲೇ ಎಂದು ಹೆಂಡತಿ ಕುಮುದ ಕೇಳಿದರೂ, "ಹಿಂಡದಿದ್ರೆ ಏನಾಗುತ್ತೆ, ಮೊದ್ಲು ಅದನ್ನ ನೋಡೋಣ" ಎನ್ನುವ ಆಸಾಮಿ. ವಾಡೆಗೆ ಗೊತ್ತಿಲ್ಲದ್ದು ಕುಮುದರಿಗೆ ಗೊತ್ತಿತ್ತು: ಪ್ರತಿ ಫೈಲಿನ ಕೊನೆಗೆ, ಯಾರೂ ಕೇಳದ ಪುಟವೊಂದನ್ನು ಅವರು ಕೈಯಾರೆ ಬರೆದು ಸೇರಿಸುತ್ತಿದ್ದರು. ಯಂತ್ರ ಬಂದರೆ ಕೆಲಸ ಹೋಗುವವರ ಹೆಸರು, ವಯಸ್ಸು, ಮನೆಯಲ್ಲಿ ಉಣ್ಣುವ ಬಾಯಿಗಳು. ಆ ಪುಟ ಓದಿ ಮಾಲೀಕರು ಎರಡು ಸಲ ಮನಸ್ಸು ಕರಗಿ, ಅಂಥವರಿಗೆ ಬೇರೆ ಕೆಲಸ ಕೊಟ್ಟದ್ದೂ ಉಂಟು. ಈ ಸಲ ಲೇಲೆ ಬರೆದದ್ದು, ಪ್ರಸ್ತಾವಗಳನ್ನು ತಾನೇ ಬರೆದುಕೊಡುವ ತಂತ್ರಾಂಶವನ್ನು ಕೊಳ್ಳಬೇಕೆಂಬ ಪ್ರಸ್ತಾವ. "ಅಹೋ, ಇದೊಂದನ್ನಾದ್ರೂ ಸ್ವಲ್ಪ ಸಪ್ಪೆಯಾಗಿ ಬರೀಬಾರ್ದಿತ್ತಾ?" ಎಂದರು ಕುಮುದ. "ಚೆನ್ನಾಗಿರೋದನ್ನ ಚೆನ್ನಾಗಿಲ್ಲ ಅಂತ ಹೇಗೇ ಬರೀಲಿ?" ಕುಮುದ ಫೈಲಿನ ಕೊನೆಗೆ ಹೋದರು. ಅಲ್ಲಿ ಒಂದೇ ಹೆಸರಿತ್ತು: ಮುಕುಂದ ಲೇಲೆ, ವಯಸ್ಸು ಐವತ್ತಾರು, ಉಣ್ಣುವ ಬಾಯಿ ಎರಡು. ಲೇಲೆ ಆ ಪುಟವನ್ನು ಮೆಲ್ಲಗೆ ಬಿಡಿಸಿ ಆಕೆಯ ಕೈಗಿಟ್ಟರು. "ಬೇರೆಯವರಿಗಾಗಿ ಬರೆದ್ರೆ ಅದು ಮಾಹಿತಿ ಕಣೇ. ನನಗೇ ಬರ್ಕೊಂಡ್ರೆ ಬೇಡಿದ ಹಾಗಾಗುತ್ತೆ." ಒಂದು ಪುಟ ಕಡಿಮೆಯಾದ ಫೈಲನ್ನು ಕಂಕುಳಲ್ಲಿಟ್ಟು ಮೆಟ್ಟಿಲಿಳಿದರು. ಮಾಲೀಕರು ಅಂದೇ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟರು; ಕಾರ್ಖಾನೆಗೆಂದು ಲೇಲೆ ಮನೆ ಬಿಟ್ಟದ್ದು ಅದೇ ಕೊನೆ.