ಮೋಟರಿನೊಳಗಿನ ಸಿಪ್ಪೆ

ನಮ್ಮ ಎಸ್ಟೇಟಿನ ಕೆರೆಯಲ್ಲೊಂದು ದೋಣಿಯಿದೆ. ಅದಕ್ಕೆಂದು ವಸ್ತಾರೆ ಕಡೆಯ ಹಳೇ ಸಾಮಾನಿನ ವ್ಯಾಪಾರಿಯೊಬ್ಬನಿಂದ ಬೋಟಿನ ಮೋಟರ್ ತಂದೆ. 'ಮಲ್ಪೆಯಿಂದ ನೇರ ನನ್ನ ಹತ್ರಾನೇ ಬಂದಿದ್ದು ಸಾರ್, ಮಧ್ಯ ಯಾರೂ ಕೈ ಹಾಕಿಲ್ಲ' ಎಂದು ಅವನು ಕೇಳದೆಯೇ ಹೇಳಿದ್ದ. ಕೇಳದೆ ಸಿಗುವ ಭರವಸೆ ನನಗೆ ಆಗಿಬರುವುದಿಲ್ಲ. ಮೋಟರಿಗೆ ಹೊಸದಾಗಿ ಬಳಿದಿದ್ದ ನೀಲಿ ಬಣ್ಣವೂ ಹಿಡಿಸಲಿಲ್ಲ.

ಪ್ಲಗ್ ಉಜ್ಜಿದೆ, ಕಾರ್ಬ್ಯುರೇಟರ್ ತೊಳೆದೆ, ಪೆಟ್ರೋಲಿಗೆ ಆಯಿಲ್ ಬೆರೆಸಿಟ್ಟೆ. ಇಂಥ ಮೋಟರು ತಾನೇ ನೀರೆಳೆದು ತಣ್ಣಗಾಗಬೇಕು. ನೀರಿಲ್ಲದೆ ಓಡಿಸಿದರೆ ಕಾದು ಕೆಡುತ್ತದೆ. ಅದಕ್ಕೇ ಮೊದಲು ತೊಟ್ಟಿಯಲ್ಲಿ ಮುಳುಗಿಸಿ ಪರೀಕ್ಷಿಸುತ್ತಾರೆ. ನಮ್ಮಂಥವರ ಮನೆಯಲ್ಲಿ ಅಷ್ಟು ಆಳದ ತೊಟ್ಟಿ ಎಂದರೆ ಒಂದೇ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಪಕ್ಕದ ಕಾಫಿ ತೊಳೆಯುವ ತೊಟ್ಟಿ. ಅದನ್ನು ತುಂಬಲು ಪೈಪು ಬಿಟ್ಟು ಬಂದೆ.

ಅಷ್ಟರಲ್ಲಿ ಅನುಮಾನ ಮತ್ತೆ ಕಾಡಿತು. ಸಮುದ್ರದಲ್ಲಿ ಓಡಿದ್ದೇ ನಿಜವಾದರೆ ನೀರೆಳೆಯುವ ದಾರಿಯಲ್ಲಿ ಉಪ್ಪು ಕಟ್ಟಿರಬೇಕಲ್ಲ ಎಂದು ಕೆಳಭಾಗವನ್ನು ಬಿಚ್ಚಿದೆ. ಉಪ್ಪಿನ ಸುಳಿವೇ ಇರಲಿಲ್ಲ. ದಾರಿಯ ತುಂಬ ಕಾಫಿ ಹಣ್ಣಿನ ಸಿಪ್ಪೆ, ಒಣಗಿ ಕಪ್ಪಾಗಿ ಗಟ್ಟಿಯಾಗಿ ಕೂತಿತ್ತು. ನಾನಿನ್ನೂ ಆ ಮೋಟರಿಗೆ ನೀರನ್ನೇ ತೋರಿಸಿರಲಿಲ್ಲ.

ವ್ಯಾಪಾರಿಗೆ ಫೋನ್ ಮಾಡಿದೆ. 'ಮೋಟರ್ ನೀರು ಎಳೀತಾ ಇಲ್ವಲ್ಲ' ಎಂದಷ್ಟೇ ಹೇಳಿದೆ.

'ಕಾಫಿ ತೊಟ್ಟಿಗೆ ಇಳಿಸಿದ್ರಾ ಸಾರ್?' ಎಂದ ಅವನು, ಬೇಸರ ಪಟ್ಟವನಂತೆ. 'ಅದನ್ನ ತಗೊಂಡೋರೆಲ್ಲ ಅದೇ ತಪ್ಪು ಮಾಡ್ತಾರೆ.'

'ತಗೊಂಡೋರೆಲ್ಲ ಅಂದ್ರೆ ಯಾರ್ಯಾರು ಮಾರಾಯ?' ಎಂದೆ.