ಕೈ ನೋಡಿ ಹೆಸರು ಬರೆಯುತ್ತಿದ್ದ ಗುಮಾಸ್ತರು

ಪೇಪರ್ ತಟ್ಟೆ ಒತ್ತೋ ಮೆಷಿನ್ನು ನಿಲ್ಲಿಸದೆ ಕೈ ಹಾಕಿದೆ, ಎರಡು ಬೆರಳು ಹೋದವು. ತಪ್ಪು ನಂದೇ. ಆದರೂ ವಿಮೆ ಪರಿಹಾರ ಸಿಕ್ಕಿದ್ದು ನಮ್ಮ ದಾಬಸ್‌ಪೇಟೆ ಫ್ಯಾಕ್ಟರಿಯ ಗುಮಾಸ್ತರಿಂದ.

ವಿಮೆಗೆ ನಮ್ಮ ಹೆಸರು ಬರೆಯೋವಾಗ ಅವರು ಕನ್ನಡಕ ಹಣೆಗೇರಿಸಿ, ಒಬ್ಬೊಬ್ಬರ ಪಕ್ಕವೂ ನಿಂತು ಕೈ ಯಾವ ಕೆಲಸದಲ್ಲಿದೆ ಅಂತ ನೋಡೋರು. "ಕೈ ಎಲ್ಲಿದೆಯೋ ಹೆಸರೂ ಅಲ್ಲೇ ಇರ್ಬೇಕಮ್ಮ" ಅನ್ನೋರು.

ಒಂದು ಸಲ ನನ್ನೆದುರಿಗೇ ಓನರ್ರು, "ಹೆಂಗಸರನ್ನೆಲ್ಲ ಪ್ಯಾಕಿಂಗ್ ಅಂತ ಬರೀರಿ, ವಿಮೆ ಕಂತು ಕಮ್ಮಿ ಬೀಳುತ್ತೆ" ಅಂದರು.

"ಹಂಗಾದ್ರೆ ಮೆಷಿನ್ನು ನೀವೇ ಓಡಿಸಿ ಸಾರ್" ಅಂದರು ಗುಮಾಸ್ತರು, ತಲೆ ಎತ್ತದೆ.

ಮೆಷಿನ್ನಿನವಳು ಅಂತಲೇ ಬರೆದಿದ್ದಕ್ಕೆ ನಂಗೆ ಪರಿಹಾರ ಬಂತು. ಥ್ಯಾಂಕ್ಸು ಗೀಂಕ್ಸು ಹೇಳೋಕೆ ನಂಗೆ ಬರಲ್ಲ. ದುಡ್ಡು ಬಂದ ಮಾರನೇ ಬೆಳಗ್ಗೆ ಸೊಸೇನ ಕರ್ಕೊಂಡು ಹೋಗಿ ಅವರ ಮೇಜಿನ ಮುಂದೆ ನಿಲ್ಲಿಸಿ, "ನನ್ನ ಜಾಗಕ್ಕೆ ಇವಳು, ಬರ್ಕೊಳ್ಳಿ ಸ್ವಾಮಿ" ಅಂದೆ.