ಸೊಂಟದ ಚೀಲದಲ್ಲಿದ್ದ ಪಂಪು

ಟಿಕೋಟಾ ಹತ್ತಿರದ ಒಣದ್ರಾಕ್ಷಿ ಶೆಡ್ಡೊಂದಕ್ಕೆ ಕೂಲಿ ಹೆಂಗಸರ ಪರವಾಗಿ ಜಗಳ ಮಾಡಲೆಂದೇ ಹೋಗಿದ್ದೆ. ದ್ರಾಕ್ಷಿಗೆ ಹಳದಿ ಬಣ್ಣ ಬರಲೆಂದು ಮಾಲೀಕ, ಅವರು ಒಳಗಿರುವಾಗಲೇ ಗಂಧಕದ ಹೊಗೆ ಹಾಕುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವರಲ್ಲಿ ಅಸ್ತಮಾ ಇದ್ದ ಶಾಂತವ್ವನಿಗೆ ಉಸಿರು ಕಟ್ಟಿತು. ಉಳಿದವರು ಅವಳನ್ನು ಮಲಗಿಸಲು ಹೋದರು.

“ಮಲಗಸಬ್ಯಾಡ್ರಿ, ಹೊರಗ ತಂದು ಕುಂದರಸ್ರಿ! ಪಂಪ್ ಎಲ್ಲೈತಿ ಯವ್ವಾ?” ಎಂದೆ.

ಅವಳನ್ನು ಹೊರಗೆ ತಂದು ಕೂರಿಸಿದರು. ಪಂಪು, ಅಂದರೆ ಅಸ್ತಮಾದ ಇನ್ಹೇಲರ್, ಸೊಂಟದ ಎಲೆಅಡಿಕೆ ಚೀಲದಲ್ಲೇ ಇತ್ತು. ಅವಳು ಅದನ್ನು ತೆಗೆಯದೆ ಚೀಲವನ್ನೇ ಒತ್ತಿ ಹಿಡಿದು, ಮಾಲೀಕನ ಕಡೆ ನೋಡಿದಳು.

“ಜಡ್ಡಿನಾಕಿ ಅಂತ... ಕೆಲಸಾ ಬಿಡಸ್ತಾನ್ರಿ.”

ಹೆಂಗಸರು ಸುತ್ತ ಸೆರಗು ಅಡ್ಡ ಹಿಡಿದರು. ಅದರ ಮರೆಯಲ್ಲಿ ಅವಳು ಪಂಪು ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಮಾತು ಸಲೀಸಾಗಿ ಹೊರಟಿತು. ಆದರೂ ವಿಜಯಪುರದ ದವಾಖಾನೆಗೆ ಒಯ್ಯಲು ಮಾಲೀಕನ ಜೀಪನ್ನೇ ಕೇಳಿದೆ. ಅವನು ಮುಖ ಗಂಟಿಕ್ಕಿದ.

“ಅಕೀನ್ನ ಬಿಡಿಸಿದ್ರ ನಾವೂ ಬರಂಗಿಲ್ರಿ ಸಾವಕಾರ್ರ. ನಾವು ಹೊರಗ ಬಂದ ಮ್ಯಾಲ ಹೊಗಿ ಹಾಕ್ರಿ,” ಎಂದಳು ಒಬ್ಬ ಮುದುಕಿ.

ಅವನು ಜೀಪಿನ ಕೀಲಿ ಕೊಟ್ಟ. ಕೊಡುವಾಗ ನನಗೊಂದು ಬುದ್ಧಿಯನ್ನೂ ಹೇಳಿದ: “ಆ ಪಂಪ್ ಭಾಳ ಹಚ್ಚಬ್ಯಾಡ್ರಿ, ಚಟಾ ಆಕ್ಕೈತಿ.”

ಹೇಳುವ ಮೊದಲು ಪಕ್ಕಕ್ಕೆ ತಿರುಗಿ ಬಾಯಿ ತುಂಬ ಇದ್ದ ತಂಬಾಕು ಉಗುಳಿದ್ದ. ಇಲ್ಲದಿದ್ದರೆ ಆ ಮಾತು ನನಗೆ ತಿಳಿಯುತ್ತಲೇ ಇರಲಿಲ್ಲ.